ಆ ರಾತ್ರಿ ಕ್ಯಾಮೆರಾ ಥಿಯಾನ್ ಕಡೆ ಯಾಕೆ ತಿರುಗಿತು?

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಎಲ್ಲರೂ ನೋಡಿ ಬಿಟ್ಟ ಮೇಲೆ ‘ಗೇಮ್ ಆಫ್ ಥ್ರೋನ್ಸ್’ ಅನ್ನುವ ಇಂಗ್ಲಿಷ್ ಸೀರಿಯಲ್ ನೋಡಲು ಶುರು ಮಾಡಿದೆವು. ಐದನೇ ಸೀಸನ್‌ನಲ್ಲಿ ಸಾನ್ಸಾ ಅನ್ನುವ ಹುಡುಗಿಯ ಮೇಲೆ ಮದುವೆ ರಾತ್ರಿ ಗಂಡ ರಾಮ್ಸೀ ಅತ್ಯಾಚಾರ ಮಾಡುವ ದೃಶ್ಯ ಬಂದಾಗ ನನ್ನ ಹೆಂಡತಿ ಎದ್ದು ಒಳಗೆ ಹೋದಳು. ಇನ್ನು ನೋಡಲ್ಲ ಅಂದಳು. ‘ಆ ಕಾಲದಲ್ಲಿ ಹಾಗೇ ಇತ್ತು, ತಲೆ ಕಡಿಯೋದನ್ನ ನೋಡ್ತೀಯ, ಇದೇನು ಮಹಾ’ ಅಂದೆ. ಜಗಳವೇ ಆಯಿತು. ಇದೇ ದೃಶ್ಯಕ್ಕೆ ಅಮೆರಿಕದಲ್ಲೂ ಗಲಾಟೆ ಆಗಿತ್ತಂತೆ. ಇಂಥದ್ದನ್ನು ತೋರಿಸಲೇಬಾರದು ಅನ್ನುವುದು ಸರಿಯಾ? ಹಾಗಾದರೆ ಕಥೆ ಹೇಳುವುದು ಹೇಗೆ? (ಒಬ್ಬ ಓದುಗರು, ಶಿವಮೊಗ್ಗ)

ಉತ್ತರ: ಮೊದಲು ಮನೆಯ ವಿಷಯ ಮುಗಿಸಿಬಿಡೋಣ. ನಿಮ್ಮ ಮನೆಯವರು ಎದ್ದು ಹೋದರು, ಅಷ್ಟೇ. ಅದಕ್ಕೆ ನೀವು ಉತ್ತರ ಕೊಡಬೇಕಾಗಿಯೇ ಇರಲಿಲ್ಲ. ಹಾಗೆ ಎದ್ದು ಹೋದವರು ಬೇಕಾದಷ್ಟು ಜನ ಇದ್ದಾರೆ. ಆ ಎಪಿಸೋಡ್ ಅಮೆರಿಕದಲ್ಲಿ ಬಂದದ್ದು 2015ರ ಮೇ 17ಕ್ಕೆ. ಎರಡು ದಿನದಲ್ಲಿ ಮಿಸೌರಿಯ ಸೆನೆಟರ್ ಕ್ಲೇರ್ ಮೆಕ್ಯಾಸ್ಕಿಲ್, ಈ ಸೀರಿಯಲ್ ಸಹವಾಸ ಇನ್ನು ಸಾಕು ಅಂತ ಟ್ವೀಟ್ ಮಾಡಿದರು. ಅವರು ಹಿಂದೆ ಪ್ರಾಸಿಕ್ಯೂಟರ್ ಆಗಿದ್ದವರು, ಸೈನ್ಯದೊಳಗಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನಿಗಾಗಿ ಸೆನೆಟ್‌ನಲ್ಲಿ ಕೆಲಸ ಮಾಡಿದವರು. ಸೂಜಿ ಕಂಡರೆ ತಲೆ ತಿರುಗುವ ಪೈಕಿ ಅಲ್ಲ. ‘ದಿ ಮೇರಿ ಸ್ಯೂ’ ಅನ್ನುವ ವೆಬ್‌ಸೈಟ್ ಇನ್ನು ಮುಂದೆ ಈ ಸೀರಿಯಲ್‌ಗೆ ಪ್ರಚಾರ ಕೊಡುವುದಿಲ್ಲ ಅಂತ ಹೇಳಿಬಿಟ್ಟಿತು. ಇನ್ನೊಂದು ಕಡೆಯವರು ಆಗಲೂ ಹೇಳಿದ್ದು ನೀವು ಹೇಳಿದ ಎರಡು ಮಾತನ್ನೇ: ಆ ಕಾಲ ಹಾಗಿತ್ತು, ಮತ್ತೆ, ಕೊಲೆ ನೋಡ್ತೀರಲ್ಲ.

ಕೊಲೆಯ ಮಾತನ್ನೇ ಮೊದಲು ತಗೊಳ್ಳಿ. ತಲೆ ಕಡಿಸಿಕೊಂಡವರು ಯಾರೂ ಸೋಫಾ ಮೇಲೆ ಕೂತು ಟಿವಿ ನೋಡುತ್ತಿರುವುದಿಲ್ಲ. ಇದು ಹಾಗಲ್ಲ. ಪ್ರಪಂಚದಲ್ಲಿ ಮೂವರಲ್ಲಿ ಒಬ್ಬ ಹೆಂಗಸು ಜೀವನದಲ್ಲಿ ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆ ಕಂಡವಳು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಲೆಕ್ಕ ಹಾಕಿತ್ತು. ಅಂದರೆ ಯಾವ ಮನೆಯ ಹಾಲ್‌ನಲ್ಲಿ ಯಾರು ಏನನ್ನು ನುಂಗಿಕೊಂಡು ಕೂತಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ.

ಆದರೆ ನಾನು ಚಿತ್ರಕಥೆ ಕಲಿಸುವವಳು, ನನಗೆ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಈ ಸೀರಿಯಲ್‌ನಲ್ಲಿ ಕೊಲೆಗೆ ಬೆಲೆ ಇದೆ. ಮೊದಲ ಸೀಸನ್‌ನಲ್ಲಿ ಸಾನ್ಸಾ, ಆರ್ಯ ಇವರ ಅಪ್ಪ ನೆಡ್ ಸ್ಟಾರ್ಕ್ ತಲೆ ಹೋಯಿತು. ಆ ಒಂದು ಸಾವಿನಿಂದ ಯುದ್ಧ ಶುರುವಾಯಿತು, ಮಕ್ಕಳು ದಿಕ್ಕಾಪಾಲಾದರು, ಆರ್ಯ ಸಾಯಿಸಬೇಕಾದವರ ಹೆಸರು ಹೇಳುತ್ತಾ ಮಲಗುವ ಹಾಗಾಯಿತು. ಈಗ ನಾಲ್ಕನೇ ಸೀಸನ್‌ನಲ್ಲಿ ಕ್ರಾಸ್ಟರ್‌ನ ಮನೆಯ ದೃಶ್ಯ ನೆನಪಿಸಿಕೊಳ್ಳಿ. ಮುಂದೆ ಒಬ್ಬ ಗಂಡಸು ಕುಡಿಯುತ್ತಾ ಡೈಲಾಗ್ ಹೊಡೆಯುತ್ತಿದ್ದಾನೆ, ಹಿಂದೆ ಹೆಂಗಸರ ಮೇಲೆ ಅತ್ಯಾಚಾರ ನಡೆಯುತ್ತಲೇ ಇದೆ. ಆ ಹೆಂಗಸರ ಹೆಸರೇನು? ಅವರು ಅಲ್ಲಿ ಗೋಡೆ, ಬೆಂಕಿ, ಕುಡಿಯುವ ಬಟ್ಟಲಿನ ಹಾಗೆ ಸೆಟ್‌ನ ಒಂದು ಭಾಗ. ‘ಈ ಜಾಗ ಎಷ್ಟು ಕೆಟ್ಟದ್ದು ನೋಡಿ’ ಅಂತ ಹೇಳುವುದಕ್ಕೆ ಇಟ್ಟ ಸಾಮಾನು. ನಿಮ್ಮ ಹೋಲಿಕೆ ಅಲ್ಲೇ ಮುರಿದು ಬೀಳುತ್ತದೆ.

‘ಆ ಕಾಲ ಹಾಗಿತ್ತು’ ಅನ್ನುವುದು. ಯಾವ ಕಾಲ ಸ್ವಾಮಿ? ಅಲ್ಲಿ ಡ್ರ್ಯಾಗನ್ ಹಾರುತ್ತದೆ, ಸತ್ತವರು ಎದ್ದು ನಡೆಯುತ್ತಾರೆ, ಬೇಸಿಗೆ ವರ್ಷಗಟ್ಟಲೆ ಇರುತ್ತದೆ. ಹಾಗಂತ ಈ ವಾದವನ್ನು ಸುಮ್ನೆ ನಕ್ಕು ತಳ್ಳುವುದೂ ತಪ್ಪು. ಈ ಸೀರಿಯಲ್‌ಗೆ ಮೂಲವಾದ ಪುಸ್ತಕ ಬರೆದ ಕಾದಂಬರಿಕಾರ ಜಾರ್ಜ್ ಆರ್.ಆರ್. ಮಾರ್ಟಿನ್ ಈ ಬಗ್ಗೆ ಗಂಭೀರವಾಗಿಯೇ ಉತ್ತರ ಕೊಟ್ಟಿದ್ದಾರೆ. ಅವರ ಕಥೆಗೆ ಹದಿನೈದನೇ ಶತಮಾನದ ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕಾಗಿ ನಡೆದ ‘ಗುಲಾಬಿ ಯುದ್ಧ’ಗಳು ಸ್ಫೂರ್ತಿ. ಯುದ್ಧ ಅಂದಮೇಲೆ ಅತ್ಯಾಚಾರ ಇದ್ದೇ ಇತ್ತು, ಯುದ್ಧವನ್ನು ಬರೆದು ಅದನ್ನು ಮಾತ್ರ ಬಿಟ್ಟರೆ ಅದು ಸುಳ್ಳು ಬರೆದ ಹಾಗೆ ಅನ್ನುತ್ತಾರೆ ಅವರು. ಈ ಮಾತು ನನಗೂ ಒಪ್ಪಿಗೆ. ಯುದ್ಧ ಅಂದರೆ ಬರೀ ಕತ್ತಿ, ಕುದುರೆ, ಬಾವುಟ ಅಂತ ತೋರಿಸುವ ಕಥೆಗಳೇ ನಮ್ಮಲ್ಲಿ ಜಾಸ್ತಿ.

ಆದರೆ ಕಾಲಕ್ಕೆ ನಿಷ್ಠರಾಗಿರಬೇಕು ಅಂದರೆ ಪೂರ್ತಿ ನಿಷ್ಠರಾಗಿರಬೇಕು ತಾನೇ. ಆ ಕಾಲದ ಸೈನ್ಯಗಳನ್ನು ಕತ್ತಿಯಷ್ಟೇ ಭೇದಿಯೂ ಮುಗಿಸುತ್ತಿತ್ತು. ಇಂಗ್ಲೆಂಡಿನ ಐದನೇ ಹೆನ್ರಿ ರಾಜ 1422ರಲ್ಲಿ ತೀರಿಕೊಂಡದ್ದು ಭೇದಿಯಿಂದಲೇ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎಂಟು ಸೀಸನ್, 73 ಎಪಿಸೋಡ್. ಭೇದಿಗೆ ಎಷ್ಟು ನಿಮಿಷ ಸಿಕ್ಕಿತು? ಕಕ್ಕಸು ಅಂದರೆ ನನಗೆ ನೆನಪಾಗುವುದು ಟೈವಿನ್ ಲ್ಯಾನಿಸ್ಟರ್ ಸಾಯುವ ದೃಶ್ಯ ಒಂದೇ. ಕಥೆಗಾರ ಆರಿಸಿಕೊಳ್ಳುತ್ತಾನೆ, ಅದು ಅವನ ಕೆಲಸ. ಆರಿಸಿಕೊಂಡ ಮೇಲೆ ‘ಇತಿಹಾಸ ಮಾಡಿಸಿತು’ ಅಂತ ಕೈ ತೋರಿಸುವ ಹಾಗಿಲ್ಲ.

ಈಗ ಆ ದೃಶ್ಯಕ್ಕೆ ಬರೋಣ. ಮುಂದಿನ ಸೀಸನ್‌ಗಳ ಕಥೆಯೂ ಸ್ವಲ್ಪ ಬರುತ್ತದೆ, ಬೇಡ ಅನ್ನಿಸಿದರೆ ಇಲ್ಲೇ ನಿಲ್ಲಿಸಿ.

ಮಾರ್ಟಿನ್ ಅವರ ಪುಸ್ತಕದಲ್ಲಿ ರಾಮ್ಸೀ ಬೋಲ್ಟನ್‌ನನ್ನು ಮದುವೆಯಾಗುವುದು ಸಾನ್ಸಾ ಅಲ್ಲವೇ ಅಲ್ಲ. ಅದು ಜೆಯ್ನ್ ಪೂಲ್ ಅನ್ನುವ ಇನ್ನೊಬ್ಬ ಹುಡುಗಿ. ಅವಳನ್ನು ‘ಇವಳೇ ಆರ್ಯ ಸ್ಟಾರ್ಕ್’ ಅಂತ ಸುಳ್ಳು ಹೇಳಿ ಕಟ್ಟುತ್ತಾರೆ. ಸಾನ್ಸಾ ಆಗ ಬೇರೆ ಕಡೆ, ಕಣಿವೆಯಲ್ಲಿ ಇರುತ್ತಾಳೆ. ಪುಸ್ತಕದಲ್ಲಿ ಜೆಯ್ನ್‌ಗೆ ಆಗುವುದು ಟಿವಿಯಲ್ಲಿ ಬಂದದ್ದಕ್ಕಿಂತ ಘೋರವಾಗಿದೆ, ಇದನ್ನು ಮುಚ್ಚಿಡಬಾರದು. ಸೀರಿಯಲ್ ಮಾಡಿದ ಡೇವಿಡ್ ಬೆನಿಯಾಫ್ ಮತ್ತು ಡಿ.ಬಿ. ವೈಸ್, ನೋಡುಗರಿಗೆ ಗೊತ್ತಿಲ್ಲದ ಒಬ್ಬ ಹುಡುಗಿಯ ಬದಲು ಎಲ್ಲರಿಗೂ ಹತ್ತಿರವಾದ ಸಾನ್ಸಾಳನ್ನೇ ಆ ಜಾಗಕ್ಕೆ ತಂದರು. ಟಿವಿ ಲೆಕ್ಕದಲ್ಲಿ ಇದು ಅರ್ಥವಾಗುವ ಮಾತು. ಹೊಸ ಪಾತ್ರ ತಂದು, ಪರಿಚಯ ಮಾಡಿ, ಮರುಗುವ ಹಾಗೆ ಮಾಡಲು ಟೈಮ್ ಬೇಕು.

ತೊಂದರೆ ಏನಾಯಿತು ಅಂದರೆ, ಸಾನ್ಸಾಳ ಬಗ್ಗೆ ಅವರು ಅದಕ್ಕೂ ಮುಂಚೆ ನಮಗೆ ಒಂದು ಮಾತು ಕೊಟ್ಟಿದ್ದರು. ನಾಲ್ಕನೇ ಸೀಸನ್ ಕೊನೆಗೆ ಅವಳು ಕಪ್ಪು ಗೌನ್ ಹಾಕಿಕೊಂಡು ಮೆಟ್ಟಿಲಿಳಿದು ಬರುತ್ತಾಳಲ್ಲ, ಇನ್ನು ಈ ಹುಡುಗಿ ಆಟದ ಕಾಯಿ ಅಲ್ಲ, ಆಡುವವಳು ಅನ್ನುವ ಹಾಗೆ. ಇದೇ ಎಪಿಸೋಡ್‌ನಲ್ಲಿ, ಮದುವೆಗೆ ಸ್ವಲ್ಪ ಮುಂಚೆ, ಹೆದರಿಸಲು ಬಂದ ರಾಮ್ಸೀಯ ಪ್ರೇಯಸಿ ಮಿರಾಂಡಾಗೆ ‘ಇದು ನನ್ನ ಮನೆ, ನೀನು ನನ್ನನ್ನು ಹೆದರಿಸಲಾರೆ’ ಅಂತ ಬಾಯಿ ಮುಚ್ಚಿಸುತ್ತಾಳೆ. ಮುಂದಿನ ಕೆಲವೇ ನಿಮಿಷಕ್ಕೆ ಅದೆಲ್ಲ ನೀರಲ್ಲಿ ಹೋಮ. ಈ ಮದುವೆ ಕುದುರಿಸಿದ ಲಿಟಲ್‌ಫಿಂಗರ್ ಅವಳನ್ನು ಯಾವ ಲೆಕ್ಕಾಚಾರದಲ್ಲಿ ಅಲ್ಲಿಗೆ ಕಳಿಸಿದ ಅನ್ನುವುದಕ್ಕೂ ನೆಟ್ಟಗೆ ಉತ್ತರ ಇಲ್ಲ. ಊರಿನವರ ಗುಟ್ಟೆಲ್ಲ ತಿಳಿದವನಿಗೆ ರಾಮ್ಸೀ ಎಂಥವನು ಅಂತ ಗೊತ್ತಿರಲಿಲ್ಲವಂತೆ!

ಇನ್ನು ಆ ಕೋಣೆ. ರಾಮ್ಸೀ, ಸಾನ್ಸಾಳ ಮನೆಯಲ್ಲೇ ಬೆಳೆದು ಈಗ ತನ್ನ ಆಳಾಗಿರುವ ಥಿಯಾನ್‌ನನ್ನು ಅಲ್ಲೇ ನಿಂತು ನೋಡು ಅನ್ನುತ್ತಾನೆ. ಸಾನ್ಸಾಳ ಬೆನ್ನ ಮೇಲಿನ ಬಟ್ಟೆ ಹರಿಯುತ್ತದೆ. ಕ್ಯಾಮೆರಾ ಅವಳನ್ನು ಬಿಟ್ಟು ಥಿಯಾನ್ ಮುಖದ ಮೇಲೆ ಹೋಗಿ ನಿಲ್ಲುತ್ತದೆ. ಅವನು ಅಳುತ್ತಿದ್ದಾನೆ, ನಮಗೆ ಅವಳ ಕೂಗು ಕೇಳಿಸುತ್ತದೆ. ಎಪಿಸೋಡ್ ಮುಗಿಯಿತು.

ಇದರಲ್ಲಿ ಬೆತ್ತಲೆ ಇಲ್ಲ, ಹಾಸಿಗೆಯ ಮೇಲೆ ನಡೆದದ್ದು ಕಾಣುವುದಿಲ್ಲ. ಈ ಸೀರಿಯಲ್ ಹಿಂದೆ ತೋರಿಸಿದ್ದಕ್ಕೆ ಹೋಲಿಸಿದರೆ ಇದು ಬಹಳ ಹಿಡಿತದಲ್ಲಿ ತೆಗೆದ ದೃಶ್ಯ. ಸಮರ್ಥಿಸುವವರು ಇದನ್ನೇ ಹೇಳುತ್ತಾರೆ: ಅವಳ ಮೇಲೆ ಕ್ಯಾಮೆರಾ ಇಟ್ಟಿದ್ದರೆ ‘ಚಪಲಕ್ಕೆ ತೋರಿಸಿದರು’ ಅನ್ನುತ್ತಿದ್ದಿರಿ, ತಿರುಗಿಸಿದರೆ ‘ಯಾಕೆ ತಿರುಗಿಸಿದಿರಿ’ ಅನ್ನುತ್ತೀರಿ, ಏನು ಮಾಡಬೇಕು ಹೇಳಿ. ನ್ಯಾಯವಾದ ಪ್ರಶ್ನೆಯೇ. ಆದರೂ ನನ್ನ ತಕರಾರು ಆ ತಿರುವಿನ ಮೇಲೇ ಇದೆ. ಆ ಕ್ಷಣದಿಂದ ಕಥೆ ಥಿಯಾನ್‌ದಾಯಿತು. ಇವನ ಮನಸ್ಸಾಕ್ಷಿ ಏಳುತ್ತದಾ, ಇವನು ಮತ್ತೆ ಮನುಷ್ಯನಾಗುತ್ತಾನಾ ಅನ್ನುವುದು ಮುಂದಿನ ಎಪಿಸೋಡ್‌ಗಳ ಕುತೂಹಲ. ಸೀಸನ್ನಿನ ಕೊನೆಗೆ ಅವನು ಮಿರಾಂಡಾಳನ್ನು ಕೆಳಗೆ ತಳ್ಳಿ, ಸಾನ್ಸಾಳ ಕೈ ಹಿಡಿದು ಕೋಟೆಗೋಡೆಯಿಂದ ಹಾರುತ್ತಾನೆ. ನೋವು ಅವಳದು, ಅದರಿಂದ ಬದಲಾಗಿದ್ದು ಅವನು.

ಪುಸ್ತಕದಲ್ಲೂ ಅದು ಥಿಯಾನ್ ಕಣ್ಣಿನಿಂದಲೇ ಇದೆ ಅಂತ ಕೆಲವರು ವಾದಿಸುತ್ತಾರೆ. ಇದೆ ನಿಜ. ಆದರೆ ಅಲ್ಲಿ ಒಂದೊಂದು ಅಧ್ಯಾಯವೂ ಒಬ್ಬೊಬ್ಬರ ಕಣ್ಣಿನಿಂದ ಹೇಳುವ ಕಟ್ಟು ಇದೆ. ಟಿವಿಗೆ ಆ ಕಟ್ಟು ಇಲ್ಲ, ಕ್ಯಾಮೆರಾ ಎಲ್ಲಿ ಬೇಕಾದರೂ ನಿಲ್ಲಬಹುದು.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಹಿಮದಲ್ಲಿ, ದೀಪದ ಬೆಳಕಲ್ಲಿ ಮದುವೆ ಆಗುತ್ತದಲ್ಲ, ಆ ದೃಶ್ಯ ಬಹಳ ಚೆನ್ನಾಗಿದೆ, ಅಲ್ಲಿಂದ ಕೋಣೆಯ ಬಾಗಿಲವರೆಗೆ ಹೋಗಿ ಎಪಿಸೋಡ್ ಮುಗಿಸುತ್ತಿದ್ದೆ. ಏಳನೇ ಎಪಿಸೋಡ್‌ನಲ್ಲಿ ಥಿಯಾನ್ ಊಟ ತಂದಾಗ ಸಾನ್ಸಾ ಅಳುತ್ತಾ, ಪ್ರತಿ ರಾತ್ರಿಯೂ ಇದೇ, ನನಗೆ ಸಹಾಯ ಮಾಡು ಅಂತ ಬೇಡಿಕೊಳ್ಳುವ ದೃಶ್ಯ ಇದೆ. ಬಾಗಿಲಿನಿಂದ ನೇರ ಅಲ್ಲಿಗೆ ಬಂದರೆ ಕಥೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ರಾಮ್ಸೀ ರಾಕ್ಷಸ ಅಂತ ಮೂರನೇ ಸೀಸನ್‌ನಿಂದಲೇ ಗೊತ್ತು. ಹೋಗುವುದು ವಾರದ ಕೊನೆಯ ಶಾಕ್ ಮಾತ್ರ. ಒಂದು ದೃಶ್ಯ ತೆಗೆದರೆ ಶಾಕ್ ಬಿಟ್ಟು ಬೇರೇನೂ ಹೋಗದಿದ್ದರೆ ಆ ದೃಶ್ಯ ಬೇಕಾಗಿರಲಿಲ್ಲ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ, ಅತ್ಯಾಚಾರಕ್ಕೆ ಅಂತ ಅಲ್ಲ, ಎಲ್ಲಕ್ಕೂ.

ಇದರ ಹಿಂದಿನ ವರ್ಷ, 2014ರ ಏಪ್ರಿಲ್‌ನಲ್ಲಿ ಆಗಿದ್ದು ನನ್ನ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪು, ಅದರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೇಮಿ, ಸರ್ಸಿ ಇಬ್ಬರೂ ಅವಳಿ ಅಣ್ಣ ತಂಗಿ, ಗುಟ್ಟಾಗಿ ಪ್ರೇಮಿಗಳು. ಸತ್ತ ಮಗ ಜಾಫ್ರಿಯ ಹೆಣದ ಪಕ್ಕದಲ್ಲಿ ಜೇಮಿ ಸರ್ಸಿಯ ಮೇಲೆ ಬೀಳುವ ದೃಶ್ಯ. ಸರ್ಸಿ ಬೇಡ, ಇದು ತಪ್ಪು ಅಂತ ಹೇಳುತ್ತಲೇ ಇದ್ದಾಳೆ. ಜೇಮಿ ‘ನನಗೆ ಅದೆಲ್ಲ ಲೆಕ್ಕಕ್ಕಿಲ್ಲ’ ಅನ್ನುತ್ತಾನೆ. ನೋಡಿದವರಿಗೆ ಅದು ಅತ್ಯಾಚಾರವಾಗಿಯೇ ಕಂಡಿತು. ನಿರ್ದೇಶಕ ಅಲೆಕ್ಸ್ ಗ್ರೇವ್ಸ್ ಸಂದರ್ಶನದಲ್ಲಿ, ಕೊನೆಗೆ ಅದು ಒಪ್ಪಿಗೆಯೇ ಆಗುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿದರು! ಪುಸ್ತಕದಲ್ಲಿ ಹಾಗಿದೆ. ಅಲ್ಲಿ ಜೇಮಿ ಬಹಳ ಕಾಲದ ಮೇಲೆ ಆಗಷ್ಟೇ ವಾಪಸ್ ಬಂದು ಅವಳನ್ನು ನೋಡುತ್ತಿದ್ದಾನೆ, ಅವಳು ಮೊದಲು ಬೇಡ ಅಂದರೂ ಆಮೇಲೆ ಬಾಯಿಬಿಟ್ಟು ಒಪ್ಪುತ್ತಾಳೆ, ಮತ್ತು ಹೇಳುತ್ತಿರುವುದು ಜೇಮಿಯ ಕಣ್ಣಿನಿಂದ. ಸೀರಿಯಲ್‌ನಲ್ಲಿ ಅವನು ಮೊದಲೇ ಊರಿಗೆ ಬಂದುಬಿಟ್ಟಿದ್ದ, ಹೀಗೆ ಸಂದರ್ಭವೇ ಬದಲಾಗಿತ್ತು ಅಂತ ಮಾರ್ಟಿನ್ ಕೂಡ ಬರೆದುಕೊಂಡರು. ಅವಳ ಒಪ್ಪಿಗೆಯ ಮಾತು ಪರದೆಗೆ ಬರಲಿಲ್ಲ, ‘ಬೇಡ’ ಮಾತ್ರ ಬಂತು.

ಅತ್ಯಾಚಾರ ತೋರಿಸುತ್ತೇವೆ ಅಂತ ತೀರ್ಮಾನಿಸಿ ತೋರಿಸಿದರೆ ಅದರ ಬಗ್ಗೆ ಜಗಳ ಆಡಬಹುದು. ಇಲ್ಲಿ ತಾವು ತೆಗೆದದ್ದು ಅದು ಅಂತಲೇ ಮಾಡಿದವರಿಗೆ ಗೊತ್ತಾಗಿಲ್ಲ. ಹಾಗಾಗಿ ಕಥೆಗೂ ಗೊತ್ತಿಲ್ಲ. ಮುಂದಿನ ವಾರವೇ ಜೇಮಿ ಬ್ರಿಯೆನ್ ಅನ್ನುವ ಯೋಧೆಗೆ ಕತ್ತಿ ಕೊಟ್ಟು, ಸಾನ್ಸಾಳನ್ನು ಹುಡುಕಿ ಕಾಪಾಡು ಅಂತ ಕಳಿಸುವ ದೊಡ್ಡ ಮನುಷ್ಯ. ಆ ರಾತ್ರಿ ಆಗಲೇ ಇಲ್ಲ ಅನ್ನುವ ಹಾಗೆ.

ನಮಗೆ ಇದೇನು ಹೊಸದಲ್ಲ, ಅಲ್ವಾ? 70, 80ರ ದಶಕದ ನಮ್ಮ ಸಿನಿಮಾಗಳಲ್ಲಿ ಹೀರೋಗೆ ಒಬ್ಬಳು ತಂಗಿ ಇದ್ದಳು ಅಂದರೆ ಟೆಂಟಿನಲ್ಲಿ ಕೂತವರಿಗೆಲ್ಲ ಮುಂದಿನದು ಗೊತ್ತಾಗುತ್ತಿತ್ತು. ಮೊದಲರ್ಧದಲ್ಲಿ ರಾಖಿ ಕಟ್ಟುತ್ತಾಳೆ, ಒಂದು ಹಾಡು ಹಾಡುತ್ತಾಳೆ. ಆಮೇಲೆ ವಿಲನ್, ಒಡೆದ ಬಳೆ, ಹೊರಗೆ ಗುಡುಗು. ಮರುದಿನ ಅವಳು ಬಾವಿಯಲ್ಲೋ ಹಗ್ಗದಲ್ಲೋ. ಅಲ್ಲಿಂದ ಅಣ್ಣನ ಕಣ್ಣು ಕೆಂಪಾಗಿ ಫೈಟ್ ಶುರು. ಬಳೆ ಒಡೆದದ್ದು ಅವಳದು, ಸಿನಿಮಾ ಅಣ್ಣನದು. ಸಾನ್ಸಾಳ ಮದುವೆಯಾದ ವಿಂಟರ್‌ಫೆಲ್ ಕೋಟೆಯ ಆ ಕೋಣೆಗೂ ಇದಕ್ಕೂ ದುಡ್ಡಿನಲ್ಲಿ, ಲೈಟಿಂಗ್‌ನಲ್ಲಿ ಅಜಗಜಾಂತರ ವ್ಯತ್ಯಾಸ ಇದೆ. ಕಥೆಯ ಲೆಕ್ಕದಲ್ಲಿ ಅಂಥ ವ್ಯತ್ಯಾಸ ನನಗೆ ಕಾಣುವುದಿಲ್ಲ. ಸಾನ್ಸಾ ಬದುಕಿ ಉಳಿದಳು, ಅದೊಂದು ದೊಡ್ಡ ವ್ಯತ್ಯಾಸ, ಒಪ್ಪಿದೆ.

ಗಂಡಸರ ಮೇಲಿನ ಹಿಂಸೆಯ ಬಗ್ಗೆ ಯಾರೂ ಮಾತಾಡಲ್ಲ ಅಂತ ನಿಮ್ಮ ಮುಂದಿನ ಪ್ರಶ್ನೆ ಬರಬಹುದು, ಸಾಮಾನ್ಯವಾಗಿ ಬರುತ್ತದೆ. ಅದರಲ್ಲಿ ಹುರುಳಿದೆ. ಮೂರನೇ ಸೀಸನ್ನಿಡೀ ಥಿಯಾನ್‌ಗೆ ಚಿತ್ರಹಿಂಸೆ, ಕೊನೆಗೆ ಇಬ್ಬರು ಹುಡುಗಿಯರನ್ನು ಅವನ ಮೇಲೆ ಬಿಟ್ಟು ಆಸೆ ಹುಟ್ಟಿಸಿ ಅಂಗವನ್ನೇ ಕತ್ತರಿಸುತ್ತಾರೆ. ಇದು ಲೈಂಗಿಕ ಹಿಂಸೆ ಅಲ್ಲದೆ ಇನ್ನೇನು? ಆಗ ಬಂದ ದೂರುಗಳಲ್ಲಿ ಹೆಚ್ಚಿನವು ‘ಚಿತ್ರಹಿಂಸೆ ಅತಿಯಾಯಿತು, ಬೋರ್ ಆಯಿತು’ ಅನ್ನುವಂಥವು. ಆ ಹೆಸರಿಟ್ಟು ಕರೆದವರು ಕಡಿಮೆ. ಆದರೆ ಒಂದು ಗಮನಿಸಿ, ಥಿಯಾನ್‌ಗೆ ಆದದ್ದನ್ನು ಕಥೆ ಮರೆಯಲಿಲ್ಲ. ಅವನ ನಡಿಗೆ, ಮಾತು, ಹೆಸರು ಎಲ್ಲ ಬದಲಾಯಿತು. ಕೊನೆಯ ಸೀಸನ್‌ವರೆಗೂ ಅವನು ಅದನ್ನು ಹೊತ್ತುಕೊಂಡೇ ತಿರುಗಿದ.

ಹಾಗಾದರೆ ತೋರಿಸಲೇಬಾರದಾ? ನಾನು ಹಾಗೆ ಹೇಳುವುದಿಲ್ಲ. ಸಾನ್ಸಾ ಎಪಿಸೋಡ್ ಬಂದ ಎರಡೇ ವಾರಕ್ಕೆ, ಮೇ 30ಕ್ಕೆ, ಇನ್ನೊಂದು ಚಾನೆಲ್‌ನಲ್ಲಿ ‘ಔಟ್‌ಲ್ಯಾಂಡರ್’ ಸೀರಿಯಲ್‌ನ ಮೊದಲ ಸೀಸನ್ನಿನ ಕೊನೆಯ ಎಪಿಸೋಡ್ ಬಂತು. ಹದಿನೆಂಟನೇ ಶತಮಾನದ ಸ್ಕಾಟ್‌ಲ್ಯಾಂಡ್, ಜೈಲಿನಲ್ಲಿ ನಾಯಕ ಜೇಮಿ ಫ್ರೇಸರ್ ಮೇಲೆ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿ ಅತ್ಯಾಚಾರ ಮಾಡುತ್ತಾನೆ. ಸಾನ್ಸಾ ದೃಶ್ಯಕ್ಕಿಂತ ಎಷ್ಟೋ ಜಾಸ್ತಿ ತೋರಿಸಿದ್ದಾರೆ, ನೋಡುವುದು ಕಷ್ಟ. ಆದರೂ ಬಹಳ ವಿಮರ್ಶಕರು ಮೆಚ್ಚಿದರು. ಯಾಕೆಂದರೆ ಅವನನ್ನು ಬಿಡಿಸಿಕೊಂಡು ಬಂದ ಮೇಲೆ ಅವನ ನೆನಪಿನ ತುಂಡುಗಳಾಗಿ ಅದು ಬರುತ್ತದೆ, ಇಡೀ ಗಂಟೆ ಅವನ ತಲೆಯೊಳಗೇ ಇರುತ್ತದೆ, ನಾಚಿಕೆ, ಸಾಯುವ ಆಸೆ, ಹೆಂಡತಿಯ ಮುಖ ನೋಡಲಾಗದ್ದು ಎಲ್ಲ. ಅಲ್ಲೂ ಬೆತ್ತಲೆ ಅಷ್ಟು ಬೇಕಿರಲಿಲ್ಲ ಅಂತ ನಟ ಸ್ಯಾಮ್ ಹ್ಯೂಗನ್ ವರ್ಷಗಳ ಮೇಲೆ ಹೇಳಿದರು. ಇನ್ನು ಅದೇ ಮೇ ತಿಂಗಳಲ್ಲಿ ಬಂದ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಸಿನಿಮಾದಲ್ಲಿ ಐದು ಹೆಂಗಸರನ್ನು ಒಬ್ಬ ಸರ್ವಾಧಿಕಾರಿ ಮಕ್ಕಳನ್ನು ಹೆರಲು ಕೂಡಿಹಾಕಿಕೊಂಡಿರುತ್ತಾನೆ. ಕಥೆ ಶುರುವಾಗುವುದು ಅವರು ತಪ್ಪಿಸಿಕೊಳ್ಳುವಾಗ. ಅವನು ಮಾಡಿದ್ದರ ಒಂದು ಶಾಟ್ ಕೂಡ ಇಲ್ಲ, ಆದರೂ ಏನಾಗಿತ್ತು ಅಂತ ಯಾರಿಗೂ ಅನುಮಾನ ಉಳಿಯುವುದಿಲ್ಲ. ಒಂದು ಪೂರ್ತಿ ತೋರಿಸಿತು, ಒಂದು ಏನೂ ತೋರಿಸಲಿಲ್ಲ, ಎರಡರಲ್ಲೂ ಕಥೆ ಯಾರಿಗೆ ಆಯಿತೋ ಅವರ ಕೈಯಲ್ಲೇ ಇತ್ತು.

ಇನ್ನೊಂದು ವಿಷಯ ನೋಡುಗರ ಜಗಳದಲ್ಲಿ ಬರುವುದೇ ಇಲ್ಲ. ಪುಸ್ತಕದಲ್ಲಿ ಅತ್ಯಾಚಾರ ಅಂತ ಬರೆದರೆ ಅಲ್ಲಿ ಇರುವುದು ಅಕ್ಷರ. ಷೂಟಿಂಗ್‌ನಲ್ಲಿ ನಿಜವಾದ ಒಬ್ಬ ಹುಡುಗಿ ಮೈ ಕೊಡಬೇಕು, ಟೇಕ್ ಮೇಲೆ ಟೇಕ್, ಸುತ್ತ ಲೈಟ್ ಹಿಡಿದವರು, ಮೈಕ್ ಹಿಡಿದವರು. ಮೊದಲ ಎಪಿಸೋಡ್‌ನಲ್ಲಿ ಡೆನೇರಿಸ್‌ಳ ಮದುವೆ ರಾತ್ರಿ ಇದೆಯಲ್ಲ, ಪುಸ್ತಕದಲ್ಲಿ ಅವಳ ಗಂಡ ಡ್ರೋಗೊ ಕಾಯುತ್ತಾನೆ, ಅವಳು ಹೂಂ ಅನ್ನುತ್ತಾಳೆ (ಹದಿಮೂರರ ಹುಡುಗಿಯ ‘ಹೂಂ’ಗೆ ಏನು ಬೆಲೆ ಅನ್ನುವುದು ಬೇರೆ ಮಾತು). ಟಿವಿಯಲ್ಲಿ ವಯಸ್ಸು ಹೆಚ್ಚಿಸಿದರು, ಆ ‘ಹೂಂ’ ತೆಗೆದರು. ಆ ಪಾತ್ರ ಮಾಡಿದ ಎಮಿಲಿಯಾ ಕ್ಲಾರ್ಕ್ ಆಗಷ್ಟೇ ನಾಟಕ ಶಾಲೆಯಿಂದ ಬಂದವರು. ಮೊದಲ ಸೀಸನ್‌ನಲ್ಲಿ ಇಂಥ ದೃಶ್ಯಗಳ ಮುಂಚೆ ಬಾತ್‌ರೂಮಿನಲ್ಲಿ ಅತ್ತು ಬರುತ್ತಿದ್ದೆ, ಯಾವುದಕ್ಕೆ ಬೇಡ ಅನ್ನಬಹುದು ಅಂತ ಗೊತ್ತಿರಲಿಲ್ಲ, ಡ್ರೋಗೊ ಪಾತ್ರದ ಜೇಸನ್ ಮಮೋವಾ ತುಂಬಾ ನೋಡಿಕೊಂಡರು ಅಂತ 2019ರಲ್ಲಿ ಹೇಳಿದರು. ಎದುರಿನ ನಟ ಒಳ್ಳೆಯವನಾಗಿದ್ದ, ಬಚಾವಾದರು. ಇಲ್ಲದಿದ್ದರೆ? ಈಗ ಇದಕ್ಕೇ ಅಂತ ಇಂಟಿಮಸಿ ಕೋಆರ್ಡಿನೇಟರ್ ಅಂತ ಒಬ್ಬರು ಸೆಟ್‌ನಲ್ಲಿ ಇರುತ್ತಾರೆ. ಫೈಟ್ ಮಾಸ್ಟರ್ ಹೊಡೆದಾಟ ಹೇಳಿಕೊಡುವ ಹಾಗೆ, ಯಾರು ಎಲ್ಲಿ ಮುಟ್ಟಬೇಕು, ಎಲ್ಲಿ ಮುಟ್ಟಬಾರದು, ನಟಿಯ ಒಪ್ಪಿಗೆ ಎಷ್ಟಕ್ಕೆ ಅಂತ ಮೊದಲೇ ಕೂತು ತೀರ್ಮಾನ ಮಾಡುವುದು ಅವರ ಕೆಲಸ. ಗೇಮ್ ಆಫ್ ಥ್ರೋನ್ಸ್ ಪ್ರಸಾರ ಮಾಡಿದ ಎಚ್‌ಬಿಒ ಚಾನೆಲ್ ಇದನ್ನು ತನ್ನ ಎಲ್ಲ ಶೋಗಳಿಗೂ ತಂದದ್ದು 2018ರಲ್ಲಿ. ಅಷ್ಟರಲ್ಲಿ ಈ ಸೀರಿಯಲ್ ಮುಗಿಯುತ್ತಾ ಬಂದಿತ್ತು.

ಜಗಳದಿಂದ ಏನಾದರೂ ಬದಲಾಯಿತಾ ಅಂದರೆ, ಆಯಿತು ಅಂತ ಕಾಣುತ್ತದೆ. 2022ರಲ್ಲಿ ಇದೇ ಲೋಕದ ಹಿಂದಿನ ಕಥೆ ಹೇಳುವ ‘ಹೌಸ್ ಆಫ್ ದಿ ಡ್ರ್ಯಾಗನ್’ ಸೀರಿಯಲ್ ಬರುವ ಮುಂಚೆಯೇ ಅದರ ನಿರ್ಮಾಪಕಿಯರಲ್ಲಿ ಒಬ್ಬರಾದ ಸಾರಾ ಹೆಸ್, ನಾವು ಲೈಂಗಿಕ ಹಿಂಸೆಯನ್ನು ಪರದೆಯ ಮೇಲೆ ತೋರಿಸುವುದಿಲ್ಲ, ಒಂದು ಕಡೆ ಅದರ ನಂತರದ್ದು ಮಾತ್ರ ಇದೆ ಅಂದರು. ಅದು ಎಂಟನೇ ಎಪಿಸೋಡ್. ರಾಣಿ ಅಲಿಸೆಂಟ್‌ಳ ಮಗ ಒಬ್ಬ ಕೆಲಸದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿರುತ್ತಾನೆ. ನಾವು ನೋಡುವುದು ಆ ಹುಡುಗಿ ನಡುಗುತ್ತಾ ರಾಣಿಯ ಮುಂದೆ ನಿಂತದ್ದನ್ನು. ರಾಣಿ ಅವಳನ್ನು ತಬ್ಬಿಕೊಳ್ಳುತ್ತಾಳೆ, ನಂಬುತ್ತೇನೆ ಅನ್ನುತ್ತಾಳೆ, ಆಮೇಲೆ ಕೈಗೆ ದುಡ್ಡಿಟ್ಟು, ಬಸಿರು ನಿಲ್ಲದ ಹಾಗೆ ಕಷಾಯ ಕುಡಿಸಿ ಕಳಿಸುತ್ತಾಳೆ. ದೊಡ್ಡ ಮನೆಗಳಲ್ಲಿ ಇಂಥದ್ದು ಹೇಗೆ ಮುಚ್ಚಿಹೋಗುತ್ತದೆ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಆದರೆ ಅದೇ ಸೀರಿಯಲ್‌ನ ಮೊದಲ ಎಪಿಸೋಡ್‌ನಲ್ಲಿ, ರಾಜ ಒಪ್ಪಿದ ಅಂತ ಇನ್ನೊಬ್ಬ ರಾಣಿಯ ಹೊಟ್ಟೆ ಕೊಯ್ದು ಮಗು ತೆಗೆಯುವ ದೃಶ್ಯ ಇದೆ. ಅವಳನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಬಸಿರು, ಬಾಣಂತನ ಕಂಡ ಹೆಂಗಸರಿಗೆ ಅದು ಇದಕ್ಕಿಂತ ಕಷ್ಟವಾಗಬಹುದು, ನಿಮ್ಮ ಮನೆಯವರಿಗೆ ಮೊದಲೇ ಹೇಳಿ.

ಆದರೆ ಗೇಮ್ ಆಫ್ ಥ್ರೋನ್ಸ್‌ನ ಕೊನೆಯ ಸೀಸನ್‌ನಲ್ಲಿ, 2019ರಲ್ಲಿ, ಅದನ್ನು ಮಾಡಿದವರು ಮತ್ತೆ ಎಡವಿದ್ದರು. ಲಿಟಲ್‌ಫಿಂಗರ್, ರಾಮ್ಸೀ ಎಲ್ಲ ಇಲ್ಲದಿದ್ದರೆ ನಾನು ಜೀವನಪೂರ್ತಿ ಚಿಕ್ಕ ಹಕ್ಕಿಯಾಗಿಯೇ ಇರುತ್ತಿದ್ದೆ ಅಂತ ಸಾನ್ಸಾ ಬಾಯಲ್ಲಿ ಹೇಳಿಸಿದರು. ನಟಿ ಜೆಸ್ಸಿಕಾ ಚಾಸ್ಟೇನ್ ಸಿಟ್ಟಿನಿಂದ ಟ್ವೀಟ್ ಮಾಡಿದರು, ಅತ್ಯಾಚಾರ ಹೆಂಗಸನ್ನು ಗಟ್ಟಿ ಮಾಡುವ ಸಾಧನ ಅಲ್ಲ, ಆ ಹಕ್ಕಿ ಮೊದಲಿಂದಲೂ ಫೀನಿಕ್ಸೇ ಆಗಿತ್ತು ಅಂತ. ನನಗಂತೂ ಆ ಡೈಲಾಗ್ ಬರೆದವರ ಮೇಲೆ ಸಿಟ್ಟಿಗಿಂತ ಬೇಸರ ಜಾಸ್ತಿ, ಯಾಕೆಂದರೆ ಇದೇ ಜನ ಇದನ್ನು ಸರಿಯಾಗಿ ಬರೆಯಬಲ್ಲರು ಅಂತ ಆರನೇ ಸೀಸನ್‌ನಲ್ಲೇ ತೋರಿಸಿದ್ದರು.

ಆರನೇ ಸೀಸನ್, ಐದನೇ ಎಪಿಸೋಡ್. ರಾಮ್ಸೀ ಕೈಯಿಂದ ತಪ್ಪಿಸಿಕೊಂಡ ಸಾನ್ಸಾಳನ್ನು ನೋಡಲು ಲಿಟಲ್‌ಫಿಂಗರ್ ಬರುತ್ತಾನೆ. ಹಾಳು ಬಿದ್ದ ಮನೆ, ಪಕ್ಕದಲ್ಲಿ ಬ್ರಿಯೆನ್ ನಿಂತಿದ್ದಾಳೆ. ರಾಮ್ಸೀ ಎಂಥವನು ಅಂತ ಗೊತ್ತಿರಲಿಲ್ಲ ಅಂದರೆ ನೀನು ದಡ್ಡ, ಗೊತ್ತಿತ್ತು ಅಂದರೆ ನನ್ನ ಶತ್ರು ಅನ್ನುತ್ತಾಳೆ ಅವನಿಗೆ. ಆಮೇಲೆ, ಅವನು ನನಗೆ ಏನು ಮಾಡಿದ ಅಂದುಕೊಂಡಿದ್ದೀಯ, ಹೇಳು ಅನ್ನುತ್ತಾಳೆ. ಅವನು ತಡವರಿಸುತ್ತಾನೆ. ಅವಳು ಬಿಡುವುದಿಲ್ಲ. ಈಗ ಇಲ್ಲಿ ನಿಂತಿರುವಾಗಲೂ ನನ್ನ ಮೈಯಲ್ಲಿ ಅದು ಗೊತ್ತಾಗುತ್ತಿದೆ ಅನ್ನುತ್ತಾಳೆ. ಹಾಸಿಗೆ ಇಲ್ಲ, ಫ್ಲ್ಯಾಷ್‌ಬ್ಯಾಕ್ ಇಲ್ಲ, ಕ್ಯಾಮೆರಾ ಅವಳ ಮುಖ ಬಿಟ್ಟು ಓಡಿಹೋಗುವುದಿಲ್ಲ. ಈ ಸಲ ಉತ್ತರ ಹೇಳಲಾಗದೆ ಕಣ್ಣು ತಪ್ಪಿಸುವವನು ಅವನು.

ನಿಮ್ಮ ಮನೆಯವರು ಬಿಟ್ಟರೆ ಬಿಡಲಿ, ಮತ್ತೆ ಕೂರಿಸಬೇಡಿ. ಎಂದಾದರೂ ಅವರಾಗಿಯೇ ‘ಆ ಹುಡುಗಿ ಕಥೆ ಏನಾಯ್ತು’ ಅಂತ ಕೇಳಿದರೆ, ಮಧ್ಯದ್ದನ್ನು ಬಾಯಲ್ಲಿ ಹೇಳಿ, ಈ ಒಂದು ದೃಶ್ಯ ಹಾಕಿ ತೋರಿಸಿ.